ಶನಿವಾರದ ಡಬ್ಬಿ

ಅಕ್ಕನ ಬಲಗೈಯ ಎರಡು ಬೆರಳನ್ನು ಭಾವ ಮುರಿದದ್ದು ಉಪ್ಪಿನ ಸಲುವಾಗಿ. ಸಾರಿಗೆ ಉಪ್ಪು ಹೆಚ್ಚಾಗಿತ್ತೋ ಸಾಲದಾಗಿತ್ತೋ, ಅಕ್ಕನಿಗೇ ಆಮೇಲೆ ನೆನಪಾಗಲಿಲ್ಲ. ಭಾವ ಕೂಗಾಡುವ ಪೈಕಿಯಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕೈ ಒರೆಸಿಕೊಂಡು, ಹೆಂಡತಿಯ ಅಂಗೈಯನ್ನು ಮೇಜಿಗೆ ಒತ್ತಿ ಹಿಡಿದು, ಒಂದಾದ ಮೇಲೊಂದರಂತೆ ಎರಡು ಬೆರಳನ್ನು ಹಿಂದಕ್ಕೆ ಬಗ್ಗಿಸಿದ. ಆಮೇಲೆ ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕಾರಿನ ಬಾಗಿಲಿಗೆ ಸಿಕ್ಕಿಕೊಂಡಿತು ಎಂದು ಹೇಳಿ, ಡಾಕ್ಟರ ಎದುರಿಗೆ ಅವಳ ತಲೆ ನೇವರಿಸಿದ. ಎಂಥ ಒಳ್ಳೆಯ ಗಂಡ ಎಂದು ನರ್ಸಮ್ಮ ಕಣ್ಣೊರೆಸಿಕೊಂಡಳಂತೆ.

ತಂಗಿಗೆ ಇದೆಲ್ಲ ತಿಳಿದದ್ದು ತಡವಾಗಿ. ಇವಳಿಗೆ ಮನೆಯಲ್ಲಿ ಗರಗಸ ಎಂದು ಹೆಸರು. ತೊಟ್ಟಿಲಲ್ಲಿ ಇವಳು ಅಳುತ್ತಿದ್ದರೆ ಅಕ್ಕಪಕ್ಕದವರು ಇವತ್ತೂ ಮರ ಕೊಯ್ಯುತ್ತಿದ್ದೀರಾ ಎಂದು ಅಪ್ಪನನ್ನು ಕೇಳುತ್ತಿದ್ದರು. ಅಪ್ಪ ಬಡಗಿ. ಅವನು ತೀರಿಕೊಂಡ ಮೇಲೂ ಗರಗಸ ಮರದ ಗೀಳು ಬಿಡಲಿಲ್ಲ. ಹಳೆಯ ಮರಗೆಲಸ ರಿಪೇರಿ ಮಾಡುವುದನ್ನು ಓದಲೆಂದು ಸಮುದ್ರ ದಾಟಿ ಬಂದಳು. ಅದೇ ದೇಶದಲ್ಲಿ ಅಕ್ಕ ಭಾವ ಒಂಬತ್ತು ವರ್ಷದಿಂದ ಇದ್ದರು. ಅಕ್ಕನಿದ್ದಾಳಲ್ಲ, ಇನ್ನೇನು ಚಿಂತೆ ಎಂದು ಅಮ್ಮ ನಿಶ್ಚಿಂತೆಯಿಂದ ಕಳಿಸಿದಳು. ಅಕ್ಕನಿಗೆ ಮಾತ್ರ ಅಮ್ಮ ಫೋನಿನಲ್ಲಿ ಪ್ರತಿ ಸಲವೂ ಹೊಂದಿಕೊಂಡು ಹೋಗು ತಾಯಿ ಎನ್ನುತ್ತಿದ್ದಳು. ಯಾವುದಕ್ಕೆ ಹೊಂದಿಕೊಳ್ಳಬೇಕು ಎಂದು ಒಂದು ಸಲವೂ ಕೇಳಲಿಲ್ಲ. ಅಮ್ಮಂದಿರ ಈ ಜಾಣಕಿವುಡಿನಷ್ಟು ಸಿಟ್ಟು ಬರಿಸುವ ವಸ್ತು ಈ ಲೋಕದಲ್ಲಿ ಇನ್ನೊಂದಿಲ್ಲ.

ಗುಟ್ಟು ಒಡೆದವಳು ಕಾಲೇಜಿನ ಮೇಡಂ. ಯೌವನದಲ್ಲಿ ಯಂತ್ರದ ಗರಗಸಕ್ಕೆ ಅರ್ಧ ಬೆರಳು ಕೊಟ್ಟವಳು. ಒಂಬತ್ತೂವರೆ ಬೆರಳಿನ ಮೇಡಂ ಎಂದೇ ಎಲ್ಲರೂ ಕರೆಯುತ್ತಿದ್ದರು. ಒಂದು ದಿನ ಅಕ್ಕ ತಂಗಿಗೆಂದು ಊಟ ಕಟ್ಟಿಕೊಂಡು ಕಾಲೇಜಿನ ಕಾರ್ಖಾನೆಗೆ ಬಂದಾಗ ಮೇಡಂ ಅವಳ ಬೆರಳುಗಳನ್ನು ನೋಡಿದಳು. ಅಕ್ಕ ಹೋದ ಮೇಲೆ ಗರಗಸಳನ್ನು ಮೂಲೆಗೆ ಕರೆದು, ಮರ ಯಾವ ಕಡೆಯಿಂದ ಮುರಿಯಿತೆಂದು ನಾರು ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ಕೇಳಿದಳು. ಬಾಗಿಲು ಬೆರಳನ್ನು ಜಜ್ಜುತ್ತದೆ, ಹಿಂದಕ್ಕೆ ಬಗ್ಗಿಸುವುದಿಲ್ಲ. ಇದು ಮನುಷ್ಯರ ಕೈ ಮಾಡಿದ ಕೆಲಸ ಎಂದಳು. ಆ ಸಂಜೆ ಗರಗಸ ಅಕ್ಕನನ್ನು ಬಚ್ಚಲುಮನೆಗೆ ಎಳೆದುಕೊಂಡು ಹೋಗಿ, ನಲ್ಲಿ ಬಿಟ್ಟು, ಎಲ್ಲ ಬಾಯಿ ಬಿಡಿಸಿದಳು. ಒಮ್ಮೆ ಅಕ್ಕ ಪಕ್ಕದ ಮನೆಗೆ ಓಡಿಹೋಗಿದ್ದಳಂತೆ. ಭಾವ ನಯವಾಗಿ ಮಾತಾಡಿ ಕರೆತಂದು, ತೊಡೆಯ ಮೇಲೆ ಕುದಿಯುವ ನೀರು ಸುರಿದಿದ್ದ. ಮುಂದಿನ ಸಲ ಮನೆಗೆ ಕರೆತರುವುದಿಲ್ಲ, ಸಿಕ್ಕಿದಲ್ಲೇ ಮುಗಿಸುತ್ತೇನೆ ಎಂದಿದ್ದ. ಹೇಳಿದ್ದನ್ನು ಮಾಡುವ ಮನುಷ್ಯ ಅವನು. ಆ ತೊಡೆಯನ್ನು ನೋಡಿದ ಮೇಲೆ ಗರಗಸಳಿಗೆ ಎರಡು ದಿನ ಅನ್ನ ಸೇರಲಿಲ್ಲ.

ಉಪಾಯವನ್ನೂ ಮೇಡಮ್ಮೇ ಹೂಡಿದಳು. ಶನಿವಾರ ಕಾಲೇಜಿನವರೆಲ್ಲ ಎರಡು ಗಂಟೆ ದಾರಿಯ ಹಳೆಯ ಅರಮನೆ ನೋಡಲು ಹೋಗುವವರಿದ್ದರು. ಒಬ್ಬೊಬ್ಬರು ಒಬ್ಬ ನೆಂಟರನ್ನು ಕರೆತರಬಹುದಿತ್ತು. ಆ ಊರಿನಲ್ಲಿ ಏಟು ತಿಂದ ಹೆಂಗಸರಿಗೆ ಆಸರೆ ಕೊಡುವ ಮನೆಯೊಂದಿತ್ತು. ಸಂಜೆ ನಾಲ್ಕಕ್ಕೆ ಅರಮನೆಯ ಹಿಂಬಾಗಿಲಿಗೆ ಅವರ ಕಾರು ಬರುತ್ತದೆ, ಅಕ್ಕ ಹತ್ತಿ ಕೂತರೆ ಮುಗಿಯಿತು. ಗರಗಸ ಭಾವನ ಮುಂದೆ ನಿಂತು ಬೆಣ್ಣೆಯಂಥ ಮಾತಾಡಿ ಅಪ್ಪಣೆ ಕೇಳಿದಳು. ಭಾವ ನಕ್ಕ. "ಹೋಗ್ಬನ್ನಿ, ನಿಮ್ಮಕ್ಕನೂ ಸ್ವಲ್ಪ ಪ್ರಪಂಚ ನೋಡ್ಲಿ. ಏಳು ಗಂಟೆಗೆ ಮನೇಲಿರ್ಬೇಕು ಅಷ್ಟೆ," ಎಂದು ನಾದಿನಿಯ ಮಣಿಕಟ್ಟು ಹಿಡಿದು ಒತ್ತಿದ. ಗುರುತು ಸಂಜೆಯವರೆಗೂ ಹೋಗಲಿಲ್ಲ.

ಹಾಗೆ ಶನಿವಾರ ಹತ್ತು ಗಂಟೆಗೆ ಅಕ್ಕತಂಗಿ ಇಬ್ಬರೂ ಅರಮನೆಯ ಬಾಗಿಲಲ್ಲಿ ಕೂತು, ಬೂಟಿನ ಮೇಲೆ ದಪ್ಪ ಉಣ್ಣೆಯ ಚಪ್ಪಲಿ ತೊಡುತ್ತಿದ್ದರು. ನೆಲದ ಹೊಳಪು ಕೆಡದಿರಲೆಂದು ಅಲ್ಲಿ ಎಲ್ಲರಿಗೂ ಅದೇ ಕಟ್ಟಳೆ. ಇನ್ನೂರು ಜನ ಓಡಾಡುತ್ತಿದ್ದರೂ ಒಂದು ಹೆಜ್ಜೆಯ ಸದ್ದಿಲ್ಲ, ಎಲ್ಲರೂ ಜಾರಿಕೊಂಡು ಹೋಗುವವರೇ. ಅಕ್ಕ ಪಾಸ್‌ಪೋರ್ಟನ್ನು ಅಂಗಿಯ ಒಳಗೆ ಹೊಲಿದುಕೊಂಡಿದ್ದಳು. ಫೋನು ಬಂದ್ ಮಾಡಿಸಿದ್ದಳು ಗರಗಸ.

ಅರಮನೆ ತೋರಿಸುವವನು ಕೊಲೆಗಳನ್ನೇ ಬಾಯಿಪಾಠ ಮಾಡಿಕೊಂಡವನು. ಇಲ್ಲಿ ಅಣ್ಣ ತಮ್ಮನ ಕುತ್ತಿಗೆ ಕೊಯ್ದ, ಇಲ್ಲಿ ಮಂತ್ರಿಯ ಕಣ್ಣು ಕಿತ್ತರು, ಇಲ್ಲಿಂದ ದಾಸಿಯನ್ನು ಕೆಳಕ್ಕೆ ನೂಕಿದರು ಎಂದು ಬಾಯಿ ಚಪ್ಪರಿಸುತ್ತ ಹೇಳುತ್ತಿದ್ದ. ಮೇಲಂತಸ್ತಿನ ಊಟದ ಹಜಾರದಲ್ಲಿ, ಹಗ್ಗ ಕಟ್ಟಿದ ಹಿತ್ತಾಳೆ ಕಂಬಗಳ ನಡುವೆ, ನೆಲದ ಮೇಲೊಂದು ಕಪ್ಪು ಕಲೆಯಿತ್ತು. ಅದು ತಮ್ಮನ ರಕ್ತ, ನಾನೂರು ವರ್ಷವಾದರೂ ಅಳಿಸಿಲ್ಲ ಎಂದ. ಗರಗಸ ಅಕ್ಕನ ಕಿವಿಯಲ್ಲಿ, ಅದು ಹೂಕುಂಡದ ನೀರು ಇಳಿದು ಆದ ಕಲೆ, ಈ ಹಲಗೆಗೆ ನೂರು ವರ್ಷವೂ ಆಗಿಲ್ಲ ಎಂದಳು. ಅಕ್ಕ ನಕ್ಕಳು. ಅವಳು ನಕ್ಕಿದ್ದನ್ನು ನೋಡಿ ಗರಗಸಳಿಗೆ ಎದೆ ಹಗುರಾಯಿತು.

ಆ ಹಜಾರದ ಗೋಡೆಯಲ್ಲಿ ಗೊತ್ತಿಲ್ಲದವರ ಕಣ್ಣಿಗೆ ಬೀಳದ ಬಾಗಿಲೊಂದಿತ್ತು. ಗೋಡೆಗೆ ಅಂಟಿಸಿದ ಬಟ್ಟೆಯನ್ನೇ ಅದಕ್ಕೂ ಅಂಟಿಸಿದ್ದರು. ಒಂದು ಕಡೆ ಒತ್ತಿದರೆ ತೆರೆಯುತ್ತದೆ ಎಂದು ಮೇಡಂ ತೋರಿಸಿಕೊಟ್ಟಳು. ಅದರ ಹಿಂದೆ ಆಳುಗಳು ಊಟ ತರುತ್ತಿದ್ದ ಇಕ್ಕಟ್ಟಿನ ಓಣಿ. ಅದರ ಇನ್ನೊಂದು ತುದಿಯ ಕೋಣೆಯಲ್ಲಿ ಈಗ ರಿಪೇರಿ ನಡೆದಿತ್ತು. ಮೇಡಂ ಆ ಕೋಣೆಯ ದೊಡ್ಡ ಬಾಗಿಲಿನಿಂದ ಹುಡುಗರನ್ನು ಒಳಗೆ ಬಿಟ್ಟು, ಹುಷಾರು ಎಂದು ಹತ್ತು ಸಲ ಹೇಳಿದಳು. ನೆಲದ ಹಲಗೆಗಳನ್ನೆಲ್ಲ ಕಿತ್ತಿದ್ದರು. ಉಳಿದಿದ್ದವು ಬರೀ ತೊಲೆಗಳು. ನಡುವೆ ಕೆಳಗಿನ ದರ್ಬಾರು ಹಾಲಿನ ಚಾವಣಿಯ ತೆಳುವಾದ ಗಾರೆ, ಅದರ ಕೆಳಗೆ ಮೂವತ್ತಡಿ ಬಯಲು, ಆಮೇಲೆ ಕಲ್ಲುನೆಲ. ದೂಳು ಬೀಳದಿರಲೆಂದು ಇದೆಲ್ಲದರ ಮೇಲೆ ಬಿಳಿ ಬಟ್ಟೆ ಬಿಗಿದು, ತೊಲೆಗಳಿಗೆ ಸಾಲಾಗಿ ಮೊಳೆ ಹೊಡೆದಿದ್ದರು. ನೋಡಿದರೆ ಬಟ್ಟೆ ಹಾಸಿದ ನೆಲವೇ.

ಹುಡುಗರು ಮಂಡಿಯೂರಿ ತೆವಳುತ್ತಿದ್ದಾಗ ಅಕ್ಕತಂಗಿ ಇಬ್ಬರೂ ಚಪ್ಪಲಿ, ಬೂಟು ಬಿಚ್ಚಿಟ್ಟು, ಬರಿಗಾಲಿನಲ್ಲಿ ಮೊಳೆಯ ಸಾಲು ಹಿಡಿದು ಆಚೆ ತುದಿಗೆ ನಡೆದುಬಿಟ್ಟರು. ಮೇಡಂ ಕಣ್ಣರಳಿಸಿದಳು. ಅಪ್ಪ ಮಾಡು ಕಟ್ಟುವಾಗ ಬುತ್ತಿ ಕೊಡಲು ತೊಲೆಯ ಮೇಲೆ ನಡೆದು ಹೋಗುತ್ತಿದ್ದ ಮಕ್ಕಳು ಇವರು. ಮೊಳೆ ಇದ್ದ ಕಡೆ ಮಾತ್ರ ಕಾಲಿಡಿ ಎಂದು ಅಪ್ಪ ಕೆಳಗಿನಿಂದ ಕೂಗುತ್ತಿದ್ದ. ಅಕ್ಕನ ಪಾದ ಅದನ್ನು ಮರೆತಿರಲಿಲ್ಲ.

ಊಟವಾದ ಮೇಲೆ ರಾಣಿಯ ಕೋಣೆ. ಸಂಶಯದ ರಾಜನೊಬ್ಬ ಹೆಂಡತಿಯನ್ನು ಹನ್ನೊಂದು ವರ್ಷ ಇಲ್ಲಿ ಕೂಡಿಹಾಕಿದ್ದ ಎಂದು ಅರಮನೆ ತೋರಿಸುವವನು ಶುರು ಮಾಡಿದ. ಎಲ್ಲರೂ ಕಿಟಕಿಯ ಸರಳು ನೋಡುತ್ತಿದ್ದರೆ ಅಕ್ಕ ಬೇರೇನೋ ಯೋಚಿಸುತ್ತಿದ್ದಳು.

"ಅಷ್ಟು ವರ್ಷ ರಾಜನಿಗೆ ಅಡುಗೆ ಯಾರು ಮಾಡ್ತಿದ್ರೋ," ಎಂದಳು.

ಗರಗಸ ನಕ್ಕು, ರಾಜನಿಗೆ ಅಡುಗೆಯವರಿಗೇನು ಬರವೇ ಎಂದಳು.

"ಅಲ್ಲ, ಇವ್ರಿಗೆ ಒಂದು ಲೋಟ ನೀರು ಕಾಯ್ಸೋಕೂ ಬರಲ್ಲ. ಅದಕ್ಕೇ ನಾಲ್ಕು ದಿನದ್ದು ಮಾಡಿ ಫ್ರಿಜ್ಜಲ್ಲಿಟ್ಟು ಬಂದೆ. ಡಬ್ಬಿ ಮೇಲೆ ಚೀಟಿ ಅಂಟ್ಸಿದೀನಿ. ಶನಿವಾರ, ಭಾನುವಾರ, ಸೋಮವಾರ, ಮಂಗಳವಾರ."

ಸಂಜೆ ಏಳಕ್ಕೆ ಮನೆಗೆ ಬರುವ ಹೆಂಗಸು ಮಂಗಳವಾರದ ಊಟ ಯಾಕೆ ಮಾಡಿಡುತ್ತಾಳೆ? ಕೊಲ್ಲುತ್ತೇನೆ ಎಂದವನ ಹೊಟ್ಟೆ ಹಸಿದೀತೆಂದು ಚಿಂತೆ ಮಾಡುವುದನ್ನು ಅಕ್ಕನಿಗೆ ಯಾರು ಕಲಿಸಿದರೋ ಅವರ ಬಾಯಿಗೆ ಮಣ್ಣು ಬೀಳಲಿ. ಅಕ್ಕನಿಗೂ ಆ ಕ್ಷಣದಲ್ಲೇ ಹೊಳೆಯಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಶನಿವಾರ ಭಾವ ಏಳುವುದು ಹನ್ನೊಂದಕ್ಕೆ. ಹನ್ನೆರಡಕ್ಕೆ ಫ್ರಿಜ್ಜು ತೆಗೆಯುತ್ತಾನೆ. ಆಗಲೇ ಎರಡಾಗಿತ್ತು.

ಗರಗಸ ಮೇಡಂ ಬಳಿಗೆ ಓಡಿದಳು. ಮೇಡಂ ಆಸರೆ ಮನೆಗೆ ಫೋನು ಮಾಡಿ ಕಾರನ್ನು ಬೇಗ ಕಳಿಸಲು ಹೇಳಿದಳು. ಮೂರೂಕಾಲಿಗಿಂತ ಮೊದಲು ಆಗುವುದಿಲ್ಲ ಎಂದರು. ಪೊಲೀಸರಿಗೂ ಮಾಡಿದಳು. ಇನ್ನೂ ಏನೂ ಆಗಿಲ್ಲವಲ್ಲ, ಆದರೂ ಒಬ್ಬರನ್ನು ಕಳಿಸುತ್ತೇವೆ ಎಂದು ಅವರು ದೊಡ್ಡ ಮನಸ್ಸು ಮಾಡಿದರು. ಹೆಬ್ಬಾಗಿಲ ಕಾವಲಿನವರಿಗೆ ಭಾವನ ಚಹರೆ ಹೇಳಿ, ಮೇಡಂ ಕಾರು ಕಾಯಲು ಹಿಂಬಾಗಿಲಿಗೆ ಹೋದಳು. ಜನ ಹೆಚ್ಚಿರುವ ಕಡೆಯೇ ಕ್ಷೇಮವೆಂದು ಅಕ್ಕತಂಗಿ ಊಟದ ಹಜಾರಕ್ಕೆ ಬಂದು ನಿಂತರು. ಗರಗಸ ಅಕ್ಕನ ಉಣ್ಣೆಯ ಚಪ್ಪಲಿ, ಬೂಟು ಎರಡನ್ನೂ ಬಿಚ್ಚಿಸಿ ತಾನೂ ಬರಿಗಾಲಾದಳು. ಓಡಬೇಕಾಗಿ ಬಂದರೆ ಜಾರಬಾರದು.

ಮೂರಕ್ಕೆ ಹತ್ತು ನಿಮಿಷವಿತ್ತು. ಅಷ್ಟು ಜನರಿದ್ದೂ ಸದ್ದಿಲ್ಲದ ಆ ಅರಮನೆಯಲ್ಲಿ ಒಂದು ಜೊತೆ ಬೂಟಿನ ಸದ್ದು ಕೇಳಿಸಿತು. ಟಕ್, ಟಕ್, ಟಕ್. ಅವಸರವೇನೂ ಇಲ್ಲ. ಒಂಬತ್ತು ವರ್ಷ ಮೆಟ್ಟಿಲ ಮೇಲೆ ಆ ಸದ್ದಿಗೆ ಕಿವಿಗೊಟ್ಟು ಕೂತಿದ್ದವಳು ಅಕ್ಕ. ಅವಳ ಕಾಲ ಬಳಿ ನೆಲ ಒದ್ದೆಯಾಯಿತು.

ಭಾವ ನಗುತ್ತಲೇ ಒಳಗೆ ಬಂದ. ಹೆಬ್ಬಾಗಿಲಲ್ಲಿ ಗುಂಪಿನೊಳಗೆ ಸೇರಿ ಕಾವಲಿನವರ ಕಣ್ಣು ತಪ್ಪಿಸಿದ್ದ. ಬಿಳಿ ಮೀಸೆಯ ಕಾವಲಿನ ಮುದುಕ ಅಡ್ಡ ಬಂದು, ಚಪ್ಪಲಿ ತೊಡದ ಬೂಟಿನ ಕಡೆ ಬೆರಳು ತೋರಿಸಿದ. ಭಾವ ಅವನಿಗೂ ಒಂದು ನಗು ಕೊಟ್ಟು, ಪಕ್ಕದ ಹಿತ್ತಾಳೆ ಕಂಬವನ್ನು ಹಗ್ಗದ ಸಮೇತ ಎತ್ತಿ ಮುಖಕ್ಕೆ ಬೀಸಿದ. ಮುದುಕನ ಮೂಗು ಒಡೆದು ಎರಡು ಹಲ್ಲು ನೆಲಕ್ಕೆ ಬಿದ್ದವು. ಆ ಹೂಕುಂಡದ ಕಲೆಯ ಮೇಲೆ ಆ ದಿನ ಮೊದಲ ಬಾರಿಗೆ ನಿಜವಾದ ರಕ್ತ ಚೆಲ್ಲಿತು. ಜನ ಚೀರಿಕೊಂಡು ಓಡಲು ಹೋದರು. ಆ ಚಪ್ಪಲಿಯಲ್ಲಿ ಓಡುವುದೆಲ್ಲಿ ಬಂತು? ಒಬ್ಬರ ಮೇಲೊಬ್ಬರು ದೊಪದೊಪನೆ ಬಿದ್ದು ಬಾಗಿಲಿಗೇ ಅಡ್ಡವಾದರು.

ಗರಗಸ ಅಕ್ಕನ ಮುಂದೆ ನಿಂತಳು. ಕಂಬ ಬೀಸಿ ಬಂತು, ಎಡಗೈ ಅಡ್ಡ ಒಡ್ಡಿದಳು. ಮೂಳೆ ಮುರಿದ ಸದ್ದು ಒಣಮರ ಮುರಿದ ಸದ್ದಿನ ಹಾಗೆಯೇ ಇತ್ತು. ನೋವು ಆಮೇಲೆ ಬಂತು. ಭಾವ ಅವಳನ್ನು ಒದ್ದು ಬದಿಗೆ ತಳ್ಳಿ, ಅಕ್ಕನ ಜಡೆಯನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿ, ಹಣೆಯನ್ನು ಮೇಜಿನ ಅಂಚಿಗೆ ಬಡಿದ. ಒಂದು ಸಲ. ಎರಡು ಸಲ. ಅಕ್ಕ ಅರಚಲೂ ಇಲ್ಲ, ಅವಳಿಗೆ ಅದು ರೂಢಿಯಾಗಿತ್ತು. ಗರಗಸ ತೆವಳಿಕೊಂಡು ಬಂದು ಅವನ ಮಣಿಕಟ್ಟಿಗೆ ಬಾಯಿ ಹಾಕಿ, ಹಲ್ಲು ಕೂಡುವವರೆಗೆ ಕಚ್ಚಿದಳು. ಬಾಯಿ ತುಂಬ ಉಪ್ಪುಪ್ಪು ರಕ್ತ. ಮುಷ್ಟಿ ಸಡಿಲವಾಯಿತು. ಅವಳು ಅಕ್ಕನ ರಟ್ಟೆ ಹಿಡಿದೆಳೆದು, ಗೋಡೆಯ ಬಾಗಿಲನ್ನು ಭುಜದಿಂದ ಒತ್ತಿ, ಓಣಿಗೆ ನುಗ್ಗಿದಳು.

ರಿಪೇರಿಯ ಕೋಣೆಗೆ ಬಂದಾಗ, ಕತ್ತಲ ಓಣಿಯಿಂದ ಬೆಳಕಿಗೆ ಕಣ್ಣು ಹೊಂದುವ ಮೊದಲೇ ಕಾಲು ಮೊಳೆ ಹುಡುಕಿಕೊಂಡವು. ಇಬ್ಬರೂ ಆಚೆ ತುದಿಗೆ ಹೋಗಿ ದೊಡ್ಡ ಬಾಗಿಲಿಗೆ ಬಿದ್ದರು. ಬೀಗ. ಶನಿವಾರ ಮಧ್ಯಾಹ್ನ ಬಡಗಿಗಳು ಬೀಗ ಹಾಕಿಕೊಂಡು ಹೋಗುತ್ತಾರೆ. ಬಡಗಿಯ ಮಗಳಾಗಿ ಗರಗಸಳಿಗೆ ಅದು ನೆನಪಿರಬೇಕಿತ್ತು. ಬಾಗಿಲು ಬಡಿದಳು, ಕೂಗಿದಳು. ಆ ಕಡೆ ಯಾರೂ ಇರಲಿಲ್ಲ.

ಭಾವ ಓಣಿಯ ಬಾಗಿಲಲ್ಲಿ ನಿಂತ. ಒಂದು ಕೈಯಲ್ಲಿ ಕಂಬ, ಇನ್ನೊಂದು ಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ತೆರೆಯದ ಬಾಗಿಲನ್ನೂ ಇಬ್ಬರನ್ನೂ ನೋಡಿ ಉಸಿರು ಬಿಟ್ಟ. ಆದರೆ ಹುಷಾರಿನ ಮನುಷ್ಯ. ಬಿಳಿ ಬಟ್ಟೆಯ ನೆಲವನ್ನು ನೋಡಿ ಅಲ್ಲೇ ತಡೆದ. ಬೂಟಿನ ತುದಿಯಿಂದ ಬಟ್ಟೆಯನ್ನು ಮುಟ್ಟಿ ನೋಡಿದ. ಅಲ್ಲಿ ತೊಲೆಯಿತ್ತು, ಗಟ್ಟಿಯಾಗಿತ್ತು. ಆದರೂ ಮುಂದೆ ಹೆಜ್ಜೆ ಇಡಲಿಲ್ಲ. ನೆಲವಿಲ್ಲವೆಂದು ಹೇಳಿಬಿಡಬೇಕೋ ಸುಮ್ಮನಿರಬೇಕೋ ಗರಗಸಳಿಗೆ ತಿಳಿಯಲಿಲ್ಲ.

ಆಗ ಅಕ್ಕ ಮಾತಾಡಿದಳು. ಹಣೆಯಿಂದ ಇಳಿದ ರಕ್ತ ಒಂದು ಕಣ್ಣನ್ನು ಮುಚ್ಚಿತ್ತು. ದನಿ ಮಾತ್ರ ದಿನಾ ಊಟಕ್ಕೆ ಕರೆಯುವ ದನಿಯೇ.

"ಬನ್ನಿ. ಮನೆಗೆ ಹೋಗೋಣ."

ಒಂಬತ್ತು ವರ್ಷ ಆ ದನಿ ಅವನಿಗೆ ಸುಳ್ಳು ಹೇಳಿರಲಿಲ್ಲ. ಅವನು ಕಂಬವನ್ನು ಹೆಗಲಿಗೇರಿಸಿ ಹೊರಟ. ಮೊದಲ ಹೆಜ್ಜೆ ತೊಲೆಯ ಮೇಲೆ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದಕ್ಕೆ ಬಟ್ಟೆ ಪರ್ರೆಂದು ಹರಿದು, ಗಾರೆ ಕುಸಿದು, ಅವನು ಸೊಂಟದವರೆಗೆ ಇಳಿದ, ಆಮೇಲೆ ಎದೆಯವರೆಗೆ. ಕಂಬ ಕೆಳಗೆ ಕಲ್ಲಿನ ಮೇಲೆ ಬಿದ್ದು ಖಣಖಣಿಸಿತು. ಕೆಳಗಿದ್ದವರು ಕಿರುಚಿದರು. ಅವನು ಎರಡೂ ಕೈಯಿಂದ ಒಂದು ತೊಲೆಯನ್ನು ತಬ್ಬಿಕೊಂಡು ನೇತಾಡಿದ. ಕಚ್ಚಿದ ಕೈಯ ರಕ್ತದಿಂದ ತೊಲೆ ಜಾರುತ್ತಿತ್ತು.

ಅಕ್ಕ ಮೊಳೆಯ ಸಾಲು ಹಿಡಿದು ಅವನ ಹತ್ತಿರ ನಡೆದಳು. ಗರಗಸ ಬೇಡ ಎಂದು ಕೂಗಿದರೂ ನಿಲ್ಲಲಿಲ್ಲ. ಅವನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಕೈ ಕೊಡೇ," ಎಂದ ಭಾವ.

ಅಕ್ಕ ಬಲಗೈಯನ್ನು ಮುಂದಕ್ಕೆ ಚಾಚಿದಳು ಕೂಡ. ಮಡಚಲಾಗದ ಆ ಎರಡು ಬೆರಳು ಸೆಟೆದು ನಿಂತಿದ್ದವು. ಅವನ್ನು ತಾನೇ ಮೊದಲ ಸಲ ನೋಡುವವಳಂತೆ ತಿರುಗಿಸಿ ನೋಡಿದಳು.

"ಈ ಕೈಯಲ್ಲಿ ಹಿಡಿಯೋಕಾಗಲ್ಲ ರೀ," ಎಂದಳು.

ಅವನು ಬಿದ್ದ. ಕಂಬಕ್ಕಿಂತ ಕಡಿಮೆ ಸದ್ದಾಯಿತು.

ಓಣಿಯಿಂದ ಕಾವಲಿನವರಿಬ್ಬರು ಬಂದು ಬಾಗಿಲಲ್ಲೇ ನಿಂತಿದ್ದರು. ಅವನು ತೊಲೆ ಹಿಡಿದು ನೇತಾಡಿದ್ದನ್ನು ನೋಡಿದ್ದರು, ಅಕ್ಕ ಕೈ ಚಾಚಿದ್ದನ್ನೂ ನೋಡಿದ್ದರು. ಅದಕ್ಕೂ ಮೊದಲು ಅವಳು ಏನೋ ಅಂದದ್ದು ಓಣಿಯಲ್ಲಿ ಕೇಳಿಸಿತ್ತು, ಅವರಿಗೆ ಅರ್ಥವಾಗಿರಲಿಲ್ಲ. ಸಂಜೆ ಆಸ್ಪತ್ರೆಯಲ್ಲಿ, ಕೈಗೆ ಪಟ್ಟಿ ಸುತ್ತುತ್ತಿದ್ದಾಗ, ಪೊಲೀಸಿನವಳು ಗರಗಸಳನ್ನು ಕೇಳಿದ್ದು ಅದನ್ನೇ. ನಿನ್ನ ಅಕ್ಕ ಅವನಿಗೆ ಏನೆಂದು ಕೂಗಿದಳು? ಗರಗಸ ಅವಳ ಮುಖವನ್ನು ನೇರವಾಗಿ ನೋಡಿ, 'ಬರಬೇಡಿ, ಬಿದ್ದುಹೋಗುತ್ತೀರಿ' ಎಂದು ಕೂಗಿದಳು ಎಂದಳು. ಪೊಲೀಸಿನವಳು ಬರೆದುಕೊಂಡಳು. ಆ ಸುಳ್ಳಿಗೆ ಗರಗಸ ಇವತ್ತಿನವರೆಗೂ ಪಶ್ಚಾತ್ತಾಪ ಪಟ್ಟಿಲ್ಲ.

ಪಶ್ಚಾತ್ತಾಪವೆಲ್ಲ ಅಕ್ಕನಿಗೆ. ಆಸರೆ ಮನೆಯ ಮಂಚದ ಮೇಲೆ, ಹಣೆಗೆ ಹನ್ನೆರಡು ಹೊಲಿಗೆ ಹಾಕಿಸಿಕೊಂಡು, ಮೂರು ದಿನ ಒಂದೇ ಮಾತು. "ಬನ್ನಿ ಅಂದ್ಬಿಟ್ಟೆನಲ್ಲ. ನನ್ನ ಮಾತು ನಂಬ್ಕೊಂಡು ಬಂದ್ರಲ್ಲ." ಊಟ ಮಾಡಲಿಲ್ಲ. ಅಮ್ಮ ಫೋನಿನಲ್ಲಿ ಅಳಿಯಂದಿರೇ ಎಂದು ಅತ್ತಳು. ಗರಗಸ ಫೋನನ್ನು ಕಿತ್ತುಕೊಂಡು, ಆ ತೊಡೆಯ ಸುಟ್ಟ ಗಾಯ ಎಷ್ಟುದ್ದ, ಎಷ್ಟಗಲ ಇದೆಯೆಂದು ಅಮ್ಮನಿಗೆ ಗೇಣು ಲೆಕ್ಕದಲ್ಲಿ ಹೇಳಿ ಇಟ್ಟುಬಿಟ್ಟಳು.

ಮಂಗಳವಾರ ಪೊಲೀಸಿನವಳೊಂದಿಗೆ ಬಟ್ಟೆಬರೆ ತರಲು ಮನೆಗೆ ಹೋದರು. ಗರಗಸ ಅಕ್ಕನನ್ನು ಹೊರಗೇ ಕೂರಿಸಬೇಕೆಂದಿದ್ದಳು, ಆದರೆ ಅಕ್ಕ ರೂಢಿಯಂತೆ ನೆಟ್ಟಗೆ ಅಡುಗೆಮನೆಗೇ ಹೋದಳು. ಫ್ರಿಜ್ಜು ತೆಗೆದಳು. ಭಾನುವಾರ, ಸೋಮವಾರ, ಮಂಗಳವಾರ ಇದ್ದವು. ಶನಿವಾರದ ಡಬ್ಬಿ ಊಟದ ಮೇಜಿನ ಮೇಲಿತ್ತು. ಖಾಲಿ. ತಟ್ಟೆಯನ್ನೂ ಬಳಿದು ಉಂಡಿದ್ದ. ಅಂದರೆ ನಾಲ್ಕು ಚೀಟಿಯನ್ನೂ ಓದಿ, ವಿಷಯ ತಿಳಿದುಕೊಂಡು, ಬಿಸಿ ಮಾಡಿಕೊಂಡು, ಕೂತು ಹೊಟ್ಟೆ ತುಂಬ ಉಂಡು, ಆಮೇಲೆ ಕೊಲ್ಲಲು ಹೊರಟಿದ್ದ.

ತಟ್ಟೆಯ ಪಕ್ಕ ಉಪ್ಪಿನ ಭರಣಿ ಮುಚ್ಚಳ ತೆಗೆದಿತ್ತು. ಚಮಚ ಅದರೊಳಗೇ ನಿಂತಿತ್ತು.

ಅಕ್ಕ ಚಮಚವನ್ನು ಎತ್ತಿ ನೋಡಿ ಮತ್ತೆ ಅದರೊಳಗೇ ಇಟ್ಟಳು. ಪೊಲೀಸಿನವಳು ಏನಾಯಿತು ಎಂಬಂತೆ ಗರಗಸಳ ಮುಖ ನೋಡಿದಳು. ಅಕ್ಕ ಮುರಿದ ಎರಡು ಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡಳು.

"ಸಾಲ್ದಿದ್ರೆ ಹಾಕ್ಕೊಳ್ಳೋಕೆ ಬರ್ತಿತ್ತು ಇವ್ರಿಗೆ," ಎಂದಳು.

ಅದಾದ ಮೇಲೆ ಅವಳು 'ಬನ್ನಿ ಅಂದೆನಲ್ಲ' ಎಂದು ಒಂದು ಸಲವೂ ಹೇಳಲಿಲ್ಲ. ನಾಲ್ಕು ಡಬ್ಬಿಯನ್ನೂ, ತುಂಬಿದ್ದವನ್ನು ತುಂಬಿದ ಹಾಗೆಯೇ, ಖಾಲಿಯದನ್ನು ತೊಳೆಯದೆ, ಕಸದ ಬುಟ್ಟಿಗೆ ಹಾಕಿದಳು. ಆಮೇಲೆ ಹಸಿವಾಗ್ತಿದೆ ಎಂದಳು.